ಮೊದಲು ಪುಸ್ತಕ, ಆಮೇಲೆ ಕಪಾಟು: ಸಣ್ಣ ಊರಿಗೊಂದು ವಸ್ತುಸಂಗ್ರಹಾಲಯ ಕಟ್ಟುವ ಬಗೆ

ಮಾಗಡಿ, ಆನೇಕಲ್ಲು, ಹೊಸಕೋಟೆ, ದೇವನಹಳ್ಳಿ ಕಡೆಯವರು ಮಲ್ಲೇಶ್ವರದ ನಮ್ಮ ಮನೆಯನ್ನು ಹುಡುಕಿಕೊಂಡು ಬರುವುದುಂಟು. ನಿವೃತ್ತ ಮೇಷ್ಟರು, ಪಂಚಾಯಿತಿ ಸದಸ್ಯರು, ಹಳೆಯ ವಿದ್ಯಾರ್ಥಿ ಸಂಘದ ಹುಡುಗರು. ಕೇಳುವ ಮಾತು ಹೆಚ್ಚುಕಡಿಮೆ ಒಂದೇ: "ಮೇಡಂ, ನಮ್ಮೂರಿನ ಹಳೆಯ ಶಾಲೆಯ ಕೊಠಡಿಗಳು ಖಾಲಿ ಬಿದ್ದಿವೆ. ಕೆರೆ ಏರಿಯ ಮೇಲೆ ವೀರಗಲ್ಲುಗಳಿವೆ, ಮನೆಗಳಲ್ಲಿ ತಾಳೆಗರಿ, ಹಳೆಯ ಪಟಗಳಿವೆ, ಮಕ್ಕಳು ಬೀಜ, ಕಲ್ಲು ಕೂಡಿಹಾಕಿದ್ದಾರೆ. ಗಾಜಿನ ಕಪಾಟು ಎಲ್ಲಿ ಮಾಡಿಸಬೇಕು?" ನನ್ನ ನೌಕರಿಯ ಕಾಲವೆಲ್ಲ ವಸ್ತುಸಂಗ್ರಹಾಲಯದ ಉಗ್ರಾಣದಲ್ಲಿ, ದಾಖಲೆ ಬರೆಯುತ್ತ, ಧೂಳು ಕೊಡವುತ್ತ ಕಳೆದಿದೆ. ಬಂದವರಿಗೆ ಹೇಳುವುದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಕಪಾಟಿಗೆ ಈಗಲೇ ದುಡ್ಡು ಹಾಕಬೇಡಿ. ಅವೆನ್ಯೂ ರಸ್ತೆಗೆ ಹೋಗಿ, ಹೊಲಿಗೆ ಹಾಕಿದ, ಪುಟಸಂಖ್ಯೆ ಅಚ್ಚಾದ, ಗಟ್ಟಿ ರಟ್ಟಿನ ಲೆಡ್ಜರ್ ಪುಸ್ತಕ ಎರಡು ತನ್ನಿ. ನಿಮ್ಮ ಸಂಗ್ರಹಾಲಯ ಹುಟ್ಟುವುದು ಆ ಪುಸ್ತಕದಲ್ಲಿ. ಕಾರಣ ಹೇಳುತ್ತೇನೆ. ಯಶವಂತಪುರದಲ್ಲಿಯೂ ಎಚ್‌ಎಎಲ್ ಬಳಿಯೂ ರೋಮನ್ ಬೆಳ್ಳಿ ನಾಣ್ಯಗಳ ನಿಧಿ ಸಿಕ್ಕಿದ್ದವು. ಆಗಸ್ಟಸ್, ಟೈಬೀರಿಯಸ್, ಕ್ಲಾಡಿಯಸ್ ಚಕ್ರವರ್ತಿಗಳ ಕಾಲದವು. ಅಂಥ ನಾಣ್ಯ ಪ್ರಪಂಚದಲ್ಲಿ ಸಾವಿರಗಟ್ಟಲೆ ಇವೆ, ಹರಾಜಿನಲ್ಲೂ ಸಿಗುತ್ತವೆ. ನಮ್ಮ ನೆಲಕ್ಕೆ ಎರಡು ಸಾವಿರ ವರ್ಷಗಳ ಹಿಂದೆಯೇ ದೂರದೇಶದ ವ್ಯಾಪಾರದ ನಂಟಿತ್ತು ಎಂದು ನಾವು ಎದೆ ತಟ್ಟಿ ಹೇಳಬಹುದಾದದ್ದು ಬೆಳ್ಳಿಯಿಂದಲ್ಲ, "ಯಶವಂತಪುರ" ಎಂದು ಯಾರೋ ಬರೆದಿಟ್ಟ ಆ ಒಂದು ಸಾಲಿನಿಂದ. ಸಿಕ್ಕಿದ ಜಾಗದ ಗುರುತು ಕಳೆದುಹೋದರೆ ವಸ್ತು ಬರೀ ಹಳೆಯ ಸಾಮಾನಾಗುತ್ತದೆ. ಎಂಥ ತಜ್ಞರು ಬಂದರೂ ಅದನ್ನು ಮತ್ತೆ ತುಂಬಿಕೊಡಲಾರರು.

ಪುಸ್ತಕದಲ್ಲಿ ಏನೇನಿರಬೇಕು

ಪ್ರತಿ ವಸ್ತುವಿಗೂ ಒಂದು ಸಂಖ್ಯೆ. ಎಲ್ಲೆಡೆ ನಡೆಯುವ ಪದ್ಧತಿ ಸುಲಭವಾಗಿದೆ: 2025.3.2 ಎಂದರೆ 2025ರಲ್ಲಿ ಮೂರನೆಯ ಸಲ ಬಂದ ಕಂತಿನ ಎರಡನೆಯ ವಸ್ತು. ಈ ಸಂಖ್ಯೆ ಮತ್ತೊಂದಕ್ಕೆ ಎಂದೂ ಹೋಗಬಾರದು, ವಸ್ತು ಒಡೆದುಹೋದರೂ ಸರಿಯೆ, ಕೊಟ್ಟವರು ವಾಪಸು ಪಡೆದರೂ ಸರಿಯೆ. ಆಮೇಲೆ ಬಂದ ದಿನಾಂಕ, ಊರಿನವರು ಅದಕ್ಕೆ ಹೇಳುವ ಹೆಸರು, ಯಾವುದರಿಂದ ಮಾಡಿದ್ದು, ಉದ್ದ ಅಗಲ ದಪ್ಪ, ತೂಕ, ಈಗಿನ ಸ್ಥಿತಿ, ಕೊಟ್ಟವರು, ದಾನವೋ ಎರವಲೋ ಎಂಬುದು. ಇವೆಲ್ಲ ಒಂದೊಂದು ಸಾಲು.

"ಎಲ್ಲಿ ಸಿಕ್ಕಿತು" ಎಂಬ ಅಂಕಣಕ್ಕೆ ಮಾತ್ರ ಅರ್ಧ ಪುಟ ಬಿಡಿ. "ನಮ್ಮೂರ ಕೆರೆ" ಎಂದರೆ ಸಾಲದು. ಗ್ರಾಮ, ಹೋಬಳಿ, ಸರ್ವೆ ನಂಬರು. ಕೆರೆಯಾದರೆ ತೂಬಿನಿಂದ ಎಷ್ಟು ಹೆಜ್ಜೆ, ಕೋಡಿಯ ಕಡೆಗೋ ಈಚೆಗೋ. ಹೊಲವಾದರೆ ಉಳುವಾಗ ಸಿಕ್ಕಿತೋ ಬಾವಿ ತೋಡುವಾಗ ಸಿಕ್ಕಿತೋ, ಎಷ್ಟು ಆಳದಲ್ಲಿ. ಜೊತೆಗೆ ಇನ್ನೇನಿತ್ತು, ಬೂದಿಯೋ ಮೂಳೆಯೋ ಮಡಕೆ ಚೂರೋ. ಮೊಬೈಲಿನಲ್ಲಿ ಅಕ್ಷಾಂಶ ರೇಖಾಂಶ ತೋರಿಸುತ್ತದೆ, ಅದನ್ನೂ ಬರೆದುಕೊಳ್ಳಿ. ಆ ವಸ್ತುವಿನ ಬಗ್ಗೆ ಊರಿನ ಹಿರಿಯರು ಹೇಳುವ ಕಥೆಯನ್ನು ಅವರ ಬಾಯಿಯ ಮಾತಿನಲ್ಲೇ ಇಳಿಸಿಕೊಳ್ಳಿ. "ಪಾಂಡವರು ವನವಾಸದಲ್ಲಿ ಇಲ್ಲಿ ಅಡುಗೆ ಮಾಡಿದರು" ಎಂದು ಅಜ್ಜಿ ಹೇಳಿದರೆ ನಗಬೇಡಿ, ತಿದ್ದಬೇಡಿ. ಪಾಂಡವರ ಹೆಸರು ಅಂಟಿಕೊಂಡ ಕಲ್ಲುಮನೆಗಳು ಎಷ್ಟೋ ಕಡೆ ಕಬ್ಬಿಣ ಯುಗದ ಬೃಹತ್ ಶಿಲಾ ಗೋರಿಗಳಾಗಿರುತ್ತವೆ. ಸಂಶೋಧಕರು ನೆಲೆಗಳನ್ನು ಹುಡುಕಿದ್ದು ಎಷ್ಟೋ ಸಲ ಇಂಥ ಹೆಸರುಗಳ ಜಾಡು ಹಿಡಿದೇ.

ತಪ್ಪು ಬರೆದರೆ ಅಳಿಸಬಾರದು, ಬಿಳಿ ಬಣ್ಣ ಬಳಿಯಬಾರದು. ಒಂದು ಗೆರೆ ಎಳೆದು, ಸರಿಯಾದದ್ದನ್ನು ಪಕ್ಕದಲ್ಲಿ ಬರೆದು ಸಹಿ ಹಾಕಿ. ಎರಡನೆಯ ಪುಸ್ತಕ ಮೊದಲನೆಯದರ ನಕಲು. ಅದು ಬೇರೆ ಕಟ್ಟಡದಲ್ಲಿರಬೇಕು. ಕಂಪ್ಯೂಟರಿನಲ್ಲಿಯೂ ಇಡಿ, ಆದರೆ ಅದನ್ನೊಂದೇ ನೆಚ್ಚಬೇಡಿ.

ಸಂಖ್ಯೆಯನ್ನು ವಸ್ತುವಿನ ಮೇಲೆ ಬರೆಯುವಾಗ ಅವಸರ ಬೇಡ. ಬಾಲ್ ಪೆನ್ನು, ಮಾರ್ಕರ್, ಸೆಲ್ಲೋಟೇಪು ಮೂರನ್ನೂ ದೂರವಿಡಿ. ಟೇಪಿನ ಅಂಟು ಕೆಲವು ವರ್ಷಗಳಲ್ಲಿ ಹಳದಿಯಾಗಿ ಒಳಕ್ಕೆ ಇಳಿಯುತ್ತದೆ, ಕಿತ್ತರೆ ಮೇಲಿನ ಪದರವೂ ಕಿತ್ತು ಬರುತ್ತದೆ. ಮಡಕೆ ಚೂರು, ಲೋಹ, ಕಲ್ಲಿನಂಥವುಗಳಿಗೆ ಪ್ಯಾರಲಾಯ್ಡ್ ಬಿ-72 ಎಂಬ ರಾಳವನ್ನು ಅಸಿಟೋನಿನಲ್ಲಿ ಕರಗಿಸಿ, ಕಾಣದ ಕಡೆ ಉಗುರಗಲ ಸವರಿ, ಒಣಗಿದ ಮೇಲೆ ಅದರ ಮೇಲೆ ಕಪ್ಪು ಇಂಡಿಯನ್ ಇಂಕಿನಲ್ಲಿ ಬರೆದು, ಮತ್ತೊಂದು ಪದರ ಸವರುತ್ತೇವೆ. ಬೇಡವೆಂದಾಗ ಅಸಿಟೋನಿನಲ್ಲಿ ಒರೆಸಿದರೆ ಗುರುತಿಲ್ಲದೆ ಹೋಗುತ್ತದೆ. ಬಟ್ಟೆ, ಮರ, ತಾಳೆಗರಿಗೆ ಇದಾವುದೂ ಬೇಡ. ಹತ್ತಿ ದಾರದಲ್ಲಿ ಸಡಿಲವಾಗಿ ಕಟ್ಟಿದ ಚೀಟಿ ಸಾಕು.

ಕಲ್ಲನ್ನು ತರಬೇಕೇ?

ಇದರಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾಗಿದೆ: ಇದ್ದಲ್ಲಿ ಸುರಕ್ಷಿತವಾಗಿರುವ ಕಲ್ಲನ್ನು ಇದ್ದಲ್ಲೇ ಬಿಡಿ. ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿ "ಬೆಂಗಳೂರಿನ ಕಾಳಗ"ದಲ್ಲಿ ಮಡಿದವರ ಹೆಸರು ಹೇಳುವ, ಸುಮಾರು ಕ್ರಿ.ಶ. 890ರ ಶಾಸನವಿದೆ. ಅದನ್ನು ಓದಲು ಬೇಗೂರಿಗೇ ಹೋಗಬೇಕು, ಹೋದರೆ ಗುಡಿ, ಕೆರೆ, ಊರು ಮೂರೂ ಒಟ್ಟಿಗೆ ಕಣ್ಣಿಗೆ ಬೀಳುತ್ತವೆ. ಹೆಬ್ಬಾಳದಲ್ಲಿ 2018ರಲ್ಲಿ ಬೆಳಕಿಗೆ ಬಂದ ಕಿತ್ತಯ್ಯನ ವೀರಗಲ್ಲು ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದು. ಅದನ್ನು ಹೆಬ್ಬಾಳದಲ್ಲೇ ಕಾಪಾಡಲು ಸ್ಥಳೀಯರೂ ಶಾಸನಾಸಕ್ತರೂ ಕೈಜೋಡಿಸಿದರು. ಅಪಾರ್ಟ್‌ಮೆಂಟುಗಳ ಮಧ್ಯೆ ಬೆಳೆಯುವ ಮಗುವಿಗೆ ತನ್ನ ಬೀದಿಯಲ್ಲೇ ಸಾವಿರದ ಇನ್ನೂರು ವರ್ಷಕ್ಕೂ ಹಳೆಯ ಕನ್ನಡ ಇದೆ ಎಂದು ತಿಳಿಯುವುದು ಎಂಥ ಭಾಗ್ಯ!

ಹಾಗಾದರೆ ಸಂಗ್ರಹಾಲಯದಲ್ಲಿ ಏನಿಡುವುದು? ಊರಿನ ಭೂಪಟವೊಂದನ್ನು ಗೋಡೆಯಗಲ ಬರೆಸಿ, ಪ್ರತಿ ಕಲ್ಲಿನ ಜಾಗವನ್ನು ಗುರುತಿಸಿ, ದೊಡ್ಡ ಫೋಟೋ ಹಾಕಿ, ಓದಿದ ಪಾಠವನ್ನು ಹೊಸಗನ್ನಡದಲ್ಲಿ ಕೊಡಿ. ಬಿ. ಎಲ್. ರೈಸ್ ಅವರು ಶಾಸನಗಳನ್ನು ಕೂಡಿಸಿ ಅಚ್ಚು ಹಾಕಿಸಿದ ಎಪಿಗ್ರಾಫಿಯ ಕರ್ನಾಟಿಕದ ಒಂಬತ್ತನೆಯ ಸಂಪುಟ ಬೆಂಗಳೂರು ಜಿಲ್ಲೆಯದು, 1905ರಲ್ಲಿ ಬಂದದ್ದು. ಬೆಂಗಳೂರು, ನೆಲಮಂಗಲ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ಆನೇಕಲ್ಲು, ಕನಕಪುರ, ಮಾಗಡಿ, ಚನ್ನಪಟ್ಟಣ ಎಂದು ತಾಲ್ಲೂಕುವಾರು ಇದೆ. ನಿಮ್ಮ ಊರಿನ ಹೆಸರು ಅದರಲ್ಲಿದೆಯೇ ನೋಡಿ. ಇದ್ದರೆ ಆ ಕಲ್ಲು ಈಗ ಎಲ್ಲಿದೆ ಎಂದು ಹುಡುಕುವುದೇ ಊರಿನ ಹುಡುಗರಿಗೆ ಮೊದಲ ಕೆಲಸ. ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿ ಬೆಂಗಳೂರು ಸುತ್ತಲಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿಡುವ ಕೆಲಸ ಮಾಡಿದೆ, ಅದನ್ನೂ ನೋಡಿ.

ರಸ್ತೆ ಅಗಲ ಮಾಡುವಾಗಲೋ ಲೇಔಟ್ ಏಳುವಾಗಲೋ ಕಲ್ಲು ಜೆಸಿಬಿ ಬಾಯಿಗೆ ಹೋಗುವುದಾದರೆ ಮಾತು ಬೇರೆ. ಆಗಲೂ ರಾತ್ರೋರಾತ್ರಿ ಟ್ರ್ಯಾಕ್ಟರಿನಲ್ಲಿ ಹೊತ್ತು ತರಬೇಡಿ. ಪುರಾತತ್ವ ಇಲಾಖೆಗೂ ತಹಶೀಲ್ದಾರರಿಗೂ ಲಿಖಿತವಾಗಿ ತಿಳಿಸಿ, ಒಪ್ಪಿಗೆ ಪಡೆದು, ಮಹಜರು ಬರೆಸಿ, ಕಲ್ಲು ಯಾವ ದಿಕ್ಕಿಗೆ ಮುಖ ಮಾಡಿತ್ತೆಂದು ಫೋಟೋ ತೆಗೆದುಕೊಂಡ ಮೇಲೆ ಎತ್ತಿಸಿ. ಭೂಮಿಯಲ್ಲಿ ಹೂತ ನಾಣ್ಯ, ಒಡವೆ, ವಿಗ್ರಹ ಸಿಕ್ಕರೆ ಅದು ಸಿಕ್ಕವನ ಆಸ್ತಿಯಾಗುವುದಿಲ್ಲ, ಸಂಗ್ರಹಾಲಯದ್ದೂ ಆಗುವುದಿಲ್ಲ, ಸರ್ಕಾರಕ್ಕೆ ತಿಳಿಸಲೇಬೇಕು. 1972ರ ಪುರಾತನ ವಸ್ತುಗಳ ಕಾಯಿದೆಯಂತೆ ನೂರು ವರ್ಷ ದಾಟಿದ ಶಿಲ್ಪ, ಚಿತ್ರ, ನಾಣ್ಯ ಪುರಾತನ ವಸ್ತುವೆನಿಸುತ್ತವೆ. ಮಹತ್ವದ ಹಸ್ತಪ್ರತಿಗೆ ಎಪ್ಪತ್ತೈದು ವರ್ಷ ಸಾಕು. ಯಾವುದನ್ನು ನೋಂದಾಯಿಸಬೇಕೆಂದು ಇಲಾಖೆಯವರನ್ನೇ ಕೇಳಿ ಮಾಡಿ. ಇನ್ನು ಹಣ ಕೊಟ್ಟು ಕೊಳ್ಳುವುದಂತೂ ಸಲ್ಲದು. ಒಂದು ವಿಗ್ರಹಕ್ಕೆ ನೀವು ಬೆಲೆ ಕಟ್ಟಿದಿರೆಂಬ ಸುದ್ದಿ ಹರಡಿದರೆ ಮುಂದಿನ ಅಮಾವಾಸ್ಯೆಗೆ ಯಾವುದೋ ಒಂಟಿ ಗುಡಿಯ ಬೀಗ ಒಡೆದಿರುತ್ತದೆ.

ಬಂದ ಕಲ್ಲನ್ನು ನೆಲಕ್ಕೆ ಸಿಮೆಂಟು ಹಾಕಿ ನಿಲ್ಲಿಸುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಸಿಮೆಂಟಿನ ಲವಣ ತೇವದ ಜೊತೆ ಕಲ್ಲಿನೊಳಗೆ ಏರಿ, ಒಣಗುವಾಗ ಹರಳುಗಟ್ಟಿ, ಮೇಲ್ಮೈಯನ್ನು ಹೊಪ್ಪಳೆಯಾಗಿ ಕಳಚುತ್ತದೆ. ನೆಲದಿಂದ ಗೇಣು ಎತ್ತರದ ಪೀಠದ ಮೇಲೆ, ಮರದ ಹಲಗೆಯ ಆಸರೆಯಲ್ಲಿ, ಗೋಡೆಗೆ ತಾಗದಂತೆ ನಿಲ್ಲಿಸಿ. ಅಕ್ಷರ ಎದ್ದು ಕಾಣಲೆಂದು ಸುಣ್ಣ, ಸೀಮೆಸುಣ್ಣ, ಎನಾಮೆಲ್ ಬಣ್ಣ ತುಂಬಬೇಡಿ. ಕೋಣೆಯನ್ನು ಕತ್ತಲೆ ಮಾಡಿ, ಟಾರ್ಚನ್ನು ಕಲ್ಲಿನ ಪಕ್ಕಕ್ಕೆ, ಮೇಲ್ಮೈಗೆ ಸವರಿದಂತೆ ಹಿಡಿಯಿರಿ. ಹಗಲಿನಲ್ಲಿ ಸಪಾಟಾಗಿ ಕಂಡಿದ್ದ ಕಲ್ಲಿನ ಮೇಲೆ ಅಕ್ಷರದ ಒಂದು ದಡ ಬೆಳಗಿ ಇನ್ನೊಂದು ದಡಕ್ಕೆ ನೆರಳು ಬೀಳುತ್ತದೆ, ಸಾಲುಗಳು ಒಂದೊಂದಾಗಿ ಮೇಲೇಳುತ್ತವೆ. ಟಾರ್ಚನ್ನು ನಾಲ್ಕೂ ಕಡೆಯಿಂದ ಹಿಡಿದು ನಾಲ್ಕು ಫೋಟೋ ತೆಗೆಯಿರಿ. ಎಡದ ಬೆಳಕಿನಲ್ಲಿ ಮರೆಯಾದ ಕೊಂಬು ಕೆಳಗಿನ ಬೆಳಕಿನಲ್ಲಿ ಸಿಗುತ್ತದೆ. ಲಿಪಿತಜ್ಞರಿಗೆ ಕಳುಹಿಸಲು ಇವೇ ಸಾಕು. ತೊಳೆಯಲು ಮೆತ್ತನೆಯ ಬ್ರಷ್ಷು, ಬರೀ ನೀರು, ಮಣ್ಣು ಗಟ್ಟಿಯಾಗಿದ್ದರೆ ಬಿದಿರಿನ ಸೀಳು. ಆಸಿಡ್, ಸೋಪಿನ ಪುಡಿ, ತಂತಿ ಬ್ರಷ್ಷು ತಾಗಿದರೆ ಶತಮಾನಗಳು ಉಳಿಸಿದ್ದು ಒಂದು ಮಧ್ಯಾಹ್ನದಲ್ಲಿ ಹೋಗುತ್ತದೆ.

ಮಡಕೆ ಚೂರುಗಳನ್ನು ಕಡೆಗಣಿಸಬೇಡಿ. ಹೊಲದಲ್ಲಿ ಸಿಕ್ಕ ಚೂರು ಒಳಗೂ ಬಾಯಿಯ ಅಂಚಿಗೂ ಕಪ್ಪಾಗಿ, ಹೊರಮೈ ಕೆಂಪಾಗಿದ್ದರೆ ಅದು ಕಪ್ಪು-ಕೆಂಪು ಮಡಕೆ. ಬೃಹತ್ ಶಿಲಾ ಸಂಸ್ಕೃತಿಯ ಜನರ ನೆಲೆಗಳಲ್ಲಿ ಹೇರಳವಾಗಿ ಸಿಗುವಂಥದು. ಮಡಕೆಯನ್ನು ಬೋರಲು ಹಾಕಿ ಸುಟ್ಟರೆ ಗಾಳಿ ತಾಗದ ಒಳಭಾಗ ಕಪ್ಪಾಗುತ್ತದೆ, ಗಾಳಿ ತಾಗಿದ ಹೊರಭಾಗ ಕೆಂಪಾಗುತ್ತದೆ. ಊರಿನಲ್ಲಿ ಕುಂಬಾರರಿದ್ದರೆ ಅವರ ಕೈಗೆ ಚೂರು ಕೊಟ್ಟು ನೋಡಿ. ಅಂಚನ್ನು ಬೆರಳಿನಲ್ಲಿ ಸವರಿ, ತಿಗರಿಯ ಮೇಲೆ ಆದದ್ದೋ ಬಡಿದು ಮಾಡಿದ್ದೋ ಅವರು ಹೇಳುತ್ತಾರೆ. ಆ ಮಾತೂ ಪುಸ್ತಕಕ್ಕೆ ಹೋಗಲಿ, ಅವರ ಹೆಸರಿನ ಸಮೇತ.

ದೇವರ ಸಾಮಾನು

ಇಲ್ಲಿ ಹೆಚ್ಚು ಎಚ್ಚರ ಬೇಕು, ಹೆಚ್ಚು ಭಕ್ತಿಯೂ ಬೇಕು. ಪೂಜೆ ನಡೆಯುವ ಮೂರ್ತಿಯನ್ನು ಕೇಳಲೇ ಹೋಗಬೇಡಿ. ಅರಳಿಕಟ್ಟೆಯ ನಾಗರಕಲ್ಲು ಕಟ್ಟೆಯಲ್ಲೇ ಇರಲಿ. ಉತ್ಸವಮೂರ್ತಿ ದೇವಸ್ಥಾನದ ಬೀಗದೊಳಗೇ ಇರಲಿ. ಅವುಗಳಿಗೆ ನೀವು ಮಾಡಬಹುದಾದ ದೊಡ್ಡ ಸೇವೆ ಫೋಟೋ ಮತ್ತು ಅಳತೆ. ಅರ್ಚಕರನ್ನೂ ಧರ್ಮದರ್ಶಿಗಳನ್ನೂ ಕೇಳಿ, ಅಲಂಕಾರವಿಲ್ಲದ ಹೊತ್ತಿನಲ್ಲಿ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು, ಮುಂದೆ, ಹಿಂದೆ, ಎಡ, ಬಲ ತೆಗೆಯಿರಿ. ಬೆರಳು ಮುರಿದಿದ್ದರೆ, ಪೀಠದಲ್ಲಿ ಗೀರಿದ್ದರೆ ಹತ್ತಿರದಿಂದ ತೆಗೆಯಿರಿ. ಗುರುತು ಹಿಡಿಯುವುದು ಆ ಊನಗಳಿಂದಲೇ. ತಮಿಳುನಾಡಿನ ಶ್ರೀಪುರಂದಾನ್ ಗುಡಿಯಿಂದ ಕಳುವಾಗಿ ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ಯಾಲರಿ ಸೇರಿದ್ದ ನಟರಾಜ 2014ರಲ್ಲಿ ಭಾರತಕ್ಕೆ ಮರಳಿದ. ಅವನು ಆ ಗುಡಿಯವನೇ ಎಂದು ತೋರಿಸಿಕೊಡಲು ನೆರವಾದದ್ದು ಪುದುಚೇರಿಯ ಫ್ರೆಂಚ್ ಸಂಸ್ಥೆಯವರು ಹಿಂದೆಂದೋ ತೆಗೆದಿಟ್ಟಿದ್ದ ಫೋಟೋ. ನೀವು ತೆಗೆದ ಮೂರ್ತಿಗಳ ಫೋಟೋಗಳನ್ನು ಗೋಡೆಗೆ ಹಾಕಬೇಡಿ, ವಾಟ್ಸ್‌ಆ್ಯಪಿನಲ್ಲಿ ಹರಿಬಿಡಬೇಡಿ. ದೇವಸ್ಥಾನಕ್ಕೊಂದು ಪ್ರತಿ, ನಿಮ್ಮ ಪುಸ್ತಕದ ಜೊತೆಗೊಂದು ಪ್ರತಿ, ಅಷ್ಟೇ.

ಸಂಗ್ರಹಾಲಯಕ್ಕೆ ಬರುವಂಥವು ಬೇರೆ ಇವೆ: ಜೀರ್ಣೋದ್ಧಾರದಲ್ಲಿ ತೆಗೆದುಹಾಕಿದ ಬಾಗಿಲುವಾಡ, ಮುರಿದ ತೇರಿನ ಮರದ ಶಿಲ್ಪ, ಬಳಕೆ ತಪ್ಪಿದ ಗಂಟೆ, ತೊಗಲುಗೊಂಬೆ, ಹಳೆಯ ಪಟ. ಭಿನ್ನವಾದ ವಿಗ್ರಹವನ್ನು ಹೊಳೆಗೋ ಬಾವಿಗೋ ಬಿಡುವ ಪದ್ಧತಿ ಇರುವ ಕಡೆ ಹಿರಿಯರೊಡನೆ ಕೂತು ಮಾತಾಡಿ. ಒತ್ತಾಯ ಬೇಡ, ಒಪ್ಪಿದರೆ ಕೈಮುಗಿದು ತನ್ನಿ. ತಂದ ಮೇಲೆ ನೆಲದ ಮೇಲೆ ಇಡಬೇಡಿ, ಚಪ್ಪಲಿ ಹೊರಗಿರಲಿ. ನೋಡಲು ಬಂದ ಹೆಂಗಸರು ಹೂವು, ಕುಂಕುಮ ತಂದೇ ತರುತ್ತಾರೆ. ಬೇಡವೆಂದು ಗದರಿದರೆ ಅವರು ಮತ್ತೆ ಬರುವುದಿಲ್ಲ. ಮೂರ್ತಿಯಿಂದ ಮಾರು ದೂರದಲ್ಲಿ ಒಂದು ಹಿತ್ತಾಳೆ ತಟ್ಟೆ ಇಟ್ಟು "ಹೂವನ್ನು ಇಲ್ಲಿ ಅರ್ಪಿಸಿ" ಎಂದು ಬರೆಯಿರಿ. ಎಣ್ಣೆಯೂ ಅರಿಸಿನ ಕುಂಕುಮವೂ ಬಳಪದ ಕಲ್ಲಿನಂಥ ಮೃದುವಾದ ಕಲ್ಲಿಗೆ ಕಲೆ ಹಿಡಿಸುತ್ತವೆ, ಎಣ್ಣೆಗೆ ಧೂಳು ಮೆತ್ತುತ್ತದೆ ಎಂದು ಬಾಯಲ್ಲಿ ವಿವರಿಸಿದರೆ ಎಲ್ಲರೂ ಒಪ್ಪುತ್ತಾರೆ.

ಕಂಚು, ತಾಮ್ರವನ್ನು ಹುಣಸೆಹಣ್ಣು ಹಾಕಿ ಬೆಳಗಬೇಡಿ. ಕಾಲದಿಂದ ಕಟ್ಟಿದ ಕಂದು, ಹಸಿರು ಪದರ ಲೋಹವನ್ನು ಕಾಯುತ್ತದೆ. ಆದರೆ ತೆಳು ಹಸಿರಿನ, ಬೆರಳಿಗೆ ಪುಡಿಪುಡಿಯಾಗಿ ಬರುವ ಚುಕ್ಕೆಗಳು ಕಂಡರೆ ಅದು ಕ್ಲೋರೈಡಿನಿಂದ ಬರುವ ರೋಗ. ಆ ವಸ್ತುವನ್ನು ತಕ್ಷಣ ಬೇರೆಯಾಗಿಸಿ, ಗಾಳಿಯಾಡದ ಡಬ್ಬಿಯಲ್ಲಿ, ತೇವ ಹೀರುವ ಸಿಲಿಕಾ ಜೆಲ್ ಜೊತೆ ಇಟ್ಟು ತಜ್ಞರನ್ನು ಕರೆಯಿರಿ. ಜೆಲ್ ಬಣ್ಣ ತಿರುಗಿದಾಗ ಬಿಸಿ ಮಾಡಿದರೆ ಮತ್ತೆ ಕೆಲಸಕ್ಕೆ ಬರುತ್ತದೆ.

ಒಂದು ವಸ್ತುವಿನ ಬಗ್ಗೆ ಮಾತ್ರ ವಿಸ್ತಾರವಾಗಿ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಶಾನುಭೋಗರ ಮನೆಯ ಅಟ್ಟದಲ್ಲಿ ಉದ್ದನೆಯ, ಕಪ್ಪು, ಮಡಿಕೆ ಮಡಿಕೆಯಾದ ದಪ್ಪ ಬಟ್ಟೆಯ ಕಟ್ಟು ಸಿಗಬಹುದು. ಅದು ಕಡತ. ಬಟ್ಟೆಗೆ ಹುಣಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಕಲಸಿ ಬಳಿದು, ಒಣಗಿಸಿ, ಹಲಗೆಯಂತೆ ಗಟ್ಟಿ ಮಾಡಿ, ಬಳಪದಿಂದ ಅದರ ಮೇಲೆ ಲೆಕ್ಕ ಬರೆಯುತ್ತಿದ್ದರು. ಬೆಳಕಿಗೆ ಓರೆಯಾಗಿ ಹಿಡಿದರೆ ಕಪ್ಪಿನ ಮೇಲೆ ಬೂದುಬಿಳಿಯ ಸಾಲುಗಳು, ಕೊಳಗ ಸೇರಿನ ಲೆಕ್ಕ, ಕಂದಾಯ, ಯಾರದೋ ಗದ್ದೆಯ ಎಲ್ಲೆ ಕಾಣುತ್ತದೆ. ಬರೆದದ್ದು ಒಳಗೆ ಇಳಿದಿರುವುದಿಲ್ಲ, ಮೇಲೆ ಕೂತಿರುತ್ತದೆ. ಧೂಳಾಗಿದೆಯೆಂದು ಒದ್ದೆ ಬಟ್ಟೆಯಲ್ಲಿ ಒರೆಸಿದಿರೋ, ಒಂದು ಕೈಬೀಸಿಗೆ ಊರಿನ ನೂರು ವರ್ಷದ ಲೆಕ್ಕ ಅಳಿಸಿಹೋಗುತ್ತದೆ. ಒಣ ಬಟ್ಟೆಯೂ ಬೇಡ. ಮಡಿಕೆಯನ್ನು ಬಲವಂತವಾಗಿ ಬಿಡಿಸಬೇಡಿ, ಅಂಚಿನಲ್ಲಿ ಬಿರಿಯುತ್ತದೆ. ತೆರೆದುಕೊಂಡಷ್ಟನ್ನು ಫೋಟೋ ತೆಗೆದು, ಒಗೆದು ಒಣಗಿಸಿದ ಕೋರಾ ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿ, ಮಲಗಿಸಿಡಿ. ತಾಳೆಗರಿಗೂ ಇದೇ ಕೋರಾ ಬಟ್ಟೆ. ರಬ್ಬರ್ ಬ್ಯಾಂಡ್ ಮಾತ್ರ ಹಾಕಬೇಡಿ. ಗರಿಗೆ ನಿಂಬೆಹುಲ್ಲಿನ ಎಣ್ಣೆ ಸವರುವುದನ್ನು ಹಸ್ತಪ್ರತಿ ಬಲ್ಲವರ ಕೈಗೆ ಬಿಡಿ.

ಪಟ, ಬಟ್ಟೆ, ಕಾಗದಕ್ಕೆ ಬೆಳಕೇ ಶತ್ರು. ಇವುಗಳಿಗೆ ಬೆಳಕು 50 ಲಕ್ಸ್ (ಬೆಳಕಿನ ಅಳತೆ) ಮೀರಬಾರದೆಂಬುದು ಎಲ್ಲೆಡೆಯ ನಿಯಮ, ಅಂದರೆ ಸಂಜೆ ದೀಪ ಹಚ್ಚುವ ಹೊತ್ತಿನ ಮಂದ ಬೆಳಕು. ಕಿಟಕಿಗೆ ದಪ್ಪ ಪರದೆ ಹಾಕಿ. ಎಲ್‌ಇಡಿ ದೀಪಗಳು ಎಸ್.ಪಿ. ರಸ್ತೆಯಲ್ಲಿ ಸಿಗುತ್ತವೆ, ನೋಡುವವರು ಬಂದಾಗ ಹಚ್ಚಿ, ಹೋದಾಗ ಆರಿಸಿ.

ಊರಿನ ನಿಸರ್ಗ

ಕಲ್ಲು, ಮಡಕೆಗೊಂದು, ದೇವರ ಸಾಮಾನಿಗೊಂದು ಕೊಠಡಿಯಾದ ಮೇಲೆ ಮೂರನೆಯದನ್ನು ಪೂರ್ತಿ ಮಕ್ಕಳ ಕೈಗೆ ಕೊಡಬಹುದು. ಮೊದಲ ಮೇಜಿನ ಮೇಲೆ ಊರಿನ ಬಂಡೆಯ ಚೂರಿರಲಿ. ಲಾಲ್‌ಬಾಗಿನ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯ ನೈಸ್ ಶಿಲೆ, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ರಾಮನಗರ, ಸಾವನದುರ್ಗದ ಬೆಟ್ಟಗಳು ಕ್ಲೋಸ್‌ಪೇಟೆ ಗ್ರಾನೈಟ್, ಸುಮಾರು 250 ಕೋಟಿ ವರ್ಷದ್ದು. ರಾಮನಗರದ ಹಳೆಯ ಹೆಸರೇ ಈ ಶಿಲೆಗೆ ಬಂದಿದೆ. ಎರಡನ್ನೂ ಅಕ್ಕಪಕ್ಕ ಇಟ್ಟು ಭೂತಗನ್ನಡಿ ಕೊಡಿ. ಒಂದರಲ್ಲಿ ಕಪ್ಪು ಬಿಳಿ ಪಟ್ಟೆಗಳು ಅಲೆಯಾಗಿ ಹರಿದಿರುತ್ತವೆ, ಇನ್ನೊಂದರಲ್ಲಿ ನಸುಗೆಂಪು ಹರಳು ಉಗುರಿನಷ್ಟು ದೊಡ್ಡದಾಗಿರುತ್ತದೆ. ನಿಮ್ಮ ಊರಿನ ವೀರಗಲ್ಲು ಯಾವ ಕಲ್ಲಿನದೆಂದು ಮಕ್ಕಳೇ ಹೋಗಿ ನೋಡಿ ಬರಲಿ.

ಗಿಡಮರಗಳಿಗೆ ಒಣ ಎಲೆಯ ಸಂಗ್ರಹ ಮಾಡಿಸಿ. ಹೂವಿರುವ ರೆಂಬೆಯನ್ನು ಹಳೆಯ ಪತ್ರಿಕೆಯ ನಡುವೆ ಹರಡಿ, ಮೇಲೆ ಭಾರ ಹೇರಿ, ಕಾಗದವನ್ನು ದಿನವೂ ಬದಲಾಯಿಸಬೇಕು. ತೇವ ಉಳಿದರೆ ಬೂಷ್ಟು ಹಿಡಿಯುತ್ತದೆ. ಸುಮಾರು 42 ಸೆಂಟಿಮೀಟರ್ ಉದ್ದ, 29 ಸೆಂಟಿಮೀಟರ್ ಅಗಲದ ಹಾಳೆಗೆ ಹೊಲಿದು, ಕೆಳಗಿನ ಬಲಮೂಲೆಯಲ್ಲಿ ಹೆಸರು, ಜಾಗ, ದಿನಾಂಕ, ತಂದವರ ಹೆಸರು ಬರೆಸಿ. ಸಂಗ್ರಹಕ್ಕೆ ಸೇರಿಸುವ ಮೊದಲು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಫ್ರೀಜರಿನಲ್ಲಿ ಎರಡು ವಾರ ಇಟ್ಟರೆ ಹುಳು, ಮೊಟ್ಟೆ ಸಾಯುತ್ತವೆ. ಹೊಂಗೆ, ಹಿಪ್ಪೆ, ಬನ್ನಿ, ಬಿಲ್ವ, ಮುತ್ತುಗಗಳಿಂದ ಶುರು ಮಾಡಿ. ಇವೆಲ್ಲ ದೀಪದೆಣ್ಣೆಗೋ ಪೂಜೆಗೋ ಊಟದೆಲೆಗೋ ಒದಗಿದ ಮರಗಳಾದ್ದರಿಂದ ಪಕ್ಕದ ಕೋಣೆಯ ದೇವರ ಸಾಮಾನಿಗೆ ನೇರ ಕೊಂಡಿ ಸಿಗುತ್ತದೆ.

ರಾಗಿಗೂ ಒಂದು ಸಾಲು ಗಾಜಿನ ಸೀಸೆ ಇರಲಿ. ವಿಜ್ಞಾನಿ ರಾಗಿ ಲಕ್ಷ್ಮಣಯ್ಯನವರು ಭಾರತದ ತಳಿಗೆ ಆಫ್ರಿಕದ ತಳಿ ಕೂಡಿಸಿ ಬೆಳೆಸಿದ ಇಂಡಾಫ್ ರಾಗಿ ಬರುವ ಮೊದಲು ನಿಮ್ಮ ಹೋಬಳಿಯಲ್ಲಿ ಏನು ಬಿತ್ತುತ್ತಿದ್ದರು ಎಂದು ಮಕ್ಕಳು ಅಜ್ಜಂದಿರನ್ನು ಕೇಳಿಬರಲಿ. ಆದರೆ ಜಿಂಕೆಯ ಕೊಂಬು, ಚರ್ಮ, ಹುಲಿಯುಗುರು ಯಾರ ಮನೆಯಿಂದ ಬಂದರೂ ತೆಗೆದುಕೊಳ್ಳಬೇಡಿ. 1972ರ ವನ್ಯಜೀವಿ ಕಾಯಿದೆಯಡಿ ಅವನ್ನು ಅನುಮತಿಯಿಲ್ಲದೆ ಇಟ್ಟುಕೊಳ್ಳುವುದೇ ಅಪರಾಧ. 2023ರಲ್ಲಿ ಹುಲಿಯುಗುರಿನ ಪದಕಗಳ ವಿಷಯ ರಾಜ್ಯದಲ್ಲೆಲ್ಲ ಸುದ್ದಿಯಾದದ್ದು ನೆನಪಿರಬಹುದು. ತಂದವರಿಗೆ ಅರಣ್ಯ ಇಲಾಖೆಯ ದಾರಿ ತೋರಿಸಿ. ಗೀಜಗನ ಗೂಡು, ಹಾವು, ಕಾಡುಪಾಪಗಳಿಗೆ ಫೋಟೋ ಸಾಕು.

ಚೀಟಿ ಬರೆಯುವುದು

ಇಷ್ಟಾದ ಮೇಲೆ ಕಪಾಟು ಮಾಡಿಸಿ, ಎಷ್ಟು ವಸ್ತುವಿಗೆ ಎಷ್ಟು ಬೇಕೆಂದು ಈಗ ಪುಸ್ತಕವೇ ಹೇಳುತ್ತದೆ. ಆಮೇಲೆ ಚೀಟಿ. "ವೀರಗಲ್ಲು, 10ನೇ ಶತಮಾನ, ಗ್ರಾನೈಟ್" ಎಂದು ಬರೆದ ಚೀಟಿ ಗೊತ್ತಿದ್ದವರಿಗೆ ಬೇಡ, ಗೊತ್ತಿಲ್ಲದವರಿಗೆ ಉಪಯೋಗವಿಲ್ಲ. ಹೀಗೆ ಬರೆಯಿರಿ: "ಈ ಕಲ್ಲನ್ನು ಕೆಳಗಿನಿಂದ ಮೇಲಕ್ಕೆ ನೋಡಿ. ಕೆಳಗೆ ಕಾಳಗ. ನಡುವೆ ಅಪ್ಸರೆಯರು ಸತ್ತ ವೀರನನ್ನು ಸ್ವರ್ಗಕ್ಕೆ ಒಯ್ಯುತ್ತಿದ್ದಾರೆ. ಮೇಲೆ ಅವನು ಶಿವಲಿಂಗದ ಮುಂದೆ ಕೂತಿದ್ದಾನೆ. ತುದಿಯ ಸೂರ್ಯ ಚಂದ್ರರು ಇರುವವರೆಗೂ ಇವನ ಹೆಸರು ಇರಲೆಂದು ಊರಿನವರು ಇದನ್ನು ನೆಟ್ಟರು." ಐದನೆಯ ತರಗತಿಯ ಮಗು ಗಟ್ಟಿಯಾಗಿ ಓದಲಿ, ಎಲ್ಲಿ ತಡವರಿಸುತ್ತದೋ ಆ ಪದ ಬದಲಾಯಿಸಿ. ಅಕ್ಷರ ಅಜ್ಜಿಗೂ ಕಾಣುವಷ್ಟು ದಪ್ಪ, ಎತ್ತರ ಮಗುವಿಗೂ ಎಟಕುವಷ್ಟು.

ಚೀಟಿ ಬರೆಯುವವರನ್ನು ಒಮ್ಮೆ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಕರೆದುಕೊಂಡು ಹೋಗಿ. 1865ರಲ್ಲಿ ಶುರುವಾದ ಸಂಸ್ಥೆ, ಈಗಿನ ಕೆಂಪು ಕಟ್ಟಡ 1877ರದು. ಅಲ್ಲಿನ ಆತಕೂರು ಶಾಸನದ ಮುಂದೆ ಅವರನ್ನು ನಿಲ್ಲಿಸಿ. ರಾಷ್ಟ್ರಕೂಟರ ಮೂರನೆಯ ಕೃಷ್ಣ ಚೋಳರನ್ನು ತಕ್ಕೋಲದಲ್ಲಿ ಸೋಲಿಸಿದ ಕಾಲ, ಕ್ರಿ.ಶ. 949-50. ಪರಾಕ್ರಮ ಮೆರೆದ ಮಣಲೆರ ಎಂಬ ವೀರನಿಗೆ ಏನು ಬೇಕೆಂದು ಅವನ ಒಡೆಯ ಗಂಗರ ಬೂತುಗ ಕೇಳಿದರೆ ಅವನು ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಆ ನಾಯಿ ಕಾಡುಹಂದಿಯ ಮೇಲೆ ಬಿದ್ದು, ಎರಡೂ ಕಾದಾಡಿ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟರು. ಕಲ್ಲಿನ ಮೇಲೆ ನಾಯಿಯೂ ಹಂದಿಯೂ ಸೆಣಸುತ್ತಿರುವುದು ಕಾಣುತ್ತದೆ. ಇದನ್ನು ಆರು ಸಾಲಿನಲ್ಲಿ ಬರೆಯಿರಿ ಎಂದು ಹೇಳಿ. ಚೆನ್ನಾಗಿ ಬರೆದವರಿಗೆ ನಿಮ್ಮ ಊರಿನ ಚೀಟಿಗಳನ್ನು ಒಪ್ಪಿಸಿ.

ಬಾಗಿಲು ತೆರೆಯಲು ಸಂತೆಯ ದಿನವೇ ಒಳ್ಳೆಯದು, ಸುತ್ತಲ ಹಳ್ಳಿಯವರು ಅಂದೇ ಬರುತ್ತಾರೆ. ಬೀಗದ ಕೈ ಇಬ್ಬರ ಬಳಿ ಇರಲಿ, ಒಬ್ಬರು ಶಾಲೆಯವರು, ಇನ್ನೊಬ್ಬರು ಊರಿನವರು. ಹೊಸದಾಗಿ ಬಂದ ಮರ, ಬಟ್ಟೆ, ಕಾಗದವನ್ನು ತಿಂಗಳ ಕಾಲ ಬೇರೆ ಕೋಣೆಯಲ್ಲಿಟ್ಟು, ಹುಳು ಕೊರೆದ ಪುಡಿ ಕೆಳಗೆ ಉದುರುತ್ತದೆಯೇ ನೋಡಿ, ಇಲ್ಲವಾದರೆ ಒಳಗೆ ತನ್ನಿ. ವರ್ಷಕ್ಕೊಮ್ಮೆ, ಆಯುಧಪೂಜೆಯ ಮುಂಚೆ, ಪೂರ್ತಿ ಎಣಿಕೆ. ಸಂಗ್ರಹಾಲಯ ನಡೆಸುವ ಸಮಿತಿಗೆ ಸೇರದ ಒಬ್ಬರು ಪುಸ್ತಕದ ಸಂಖ್ಯೆ ಓದಬೇಕು, ಇನ್ನೊಬ್ಬರು ವಸ್ತುವನ್ನು ಮುಟ್ಟಿ ತೋರಿಸಬೇಕು. ಸ್ಥಿತಿ ಬದಲಾಗಿದ್ದರೆ ಅಂದಿನ ದಿನಾಂಕ ಹಾಕಿ ಬರೆಯಿರಿ. ಯಾವುದಾದರೂ ಕಾಣದಿದ್ದರೆ ನಾಳೆ ಹುಡುಕೋಣ ಎನ್ನದೆ ಅಂದೇ ಠಾಣೆಗೆ ದೂರು ಕೊಡಿ. ಅಳತೆ, ಊನಗಳ ವಿವರ ಇರುವ ಪುಟದ ನಕಲನ್ನೂ ಫೋಟೋವನ್ನೂ ದೂರಿನೊಡನೆ ಲಗತ್ತಿಸಿ, ಪುರಾತತ್ವ ಇಲಾಖೆಗೂ ಒಂದು ಪ್ರತಿ ಕಳುಹಿಸಿ.